ಜ್ಞಾನತಾಯಿಯ ಸೀರೆ

ನಾದಿನಿಯ ಮಗುವಿಗೆ ಚಾಮರಾಜನಗರದ ಚರ್ಚಿನಲ್ಲಿ ಜ್ಞಾನಸ್ನಾನ, ಜ್ಞಾನತಾಯಿ ನಾನು. ವಿಶ್ವಾಸ ಪ್ರಮಾಣ ಬಾಯಿಗೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ಯಾವ ಸೀರೆ ಅಂತ ಗುಂಡ್ಲುಪೇಟೆಯ ನಮ್ಮ ಬೀದಿಯೆಲ್ಲ ಕೇಳಿತು.

ಜ್ಞಾನತಾಯಿಗೆ 16 ತುಂಬಿರಬೇಕು, ದೃಢೀಕರಣ ಆಗಿರಬೇಕು ಎನ್ನುತ್ತದೆ ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ. ಸೀರೆಯ ಬಗ್ಗೆ ಚಕಾರವಿಲ್ಲ. ಬರೆದವರು ಗಂಡಸರಲ್ಲವೇ!

ಅತ್ತೆಯ ವೋಟು ನನ್ನ ಮದುವೆಯ ಕೊಳ್ಳೇಗಾಲದ ರೇಷ್ಮೆಗೆ. ನಮ್ಮ ಜಿಲ್ಲೆಯ ಮರ್ಯಾದೆ, ಒಪ್ಪಿದೆ. ಆದರೆ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದವಳು ನಾನು. ಸೆರಗಿನ ಜರಿ ಎಳೆಕೆನ್ನೆಗೆ ಉಜ್ಜಿತೋ, ಫಾದರ್ ನೀರು ಹೊಯ್ಯುವ ಮೊದಲೇ ರಂಪ. ಆಮೇಲೆ ನೆತ್ತಿಗೆ ಪರಿಮಳ ತೈಲ ಹಚ್ಚುತ್ತಾರೆ; ಆ ನೆತ್ತಿ ಒರಗುವುದು ನೇರ ನನ್ನ ಹೆಗಲಿಗೆ. ಪಾಸ್ಕ ದೀಪದಿಂದ ಹೊತ್ತಿಸಿದ ಮೇಣದಬತ್ತಿ ಬೇರೆ. ಅದನ್ನು ಜ್ಞಾನತಂದೆಯೇ ಹಿಡಿದುಕೊಳ್ಳಲಿ, ಅವರದು ಹೇಗೂ ಪ್ಯಾಂಟು.

ಬಿಳಿ ಸೀರೆ ತೆಗೆದರೆ ನಾದಿನಿ ನಕ್ಕಳು: "ಬಿಳಿ ಬಟ್ಟೆ ಮಗುವಿಗೆ ಅತ್ತಿಗೆ, ನೀವೂ ಜ್ಞಾನಸ್ನಾನ ಮಾಡಿಸ್ಕೋತೀರಾ?" ಕಿತ್ತಳೆ ಬಣ್ಣದ್ದು ತೆಗೆದರೆ ನಮ್ಮ ಯಜಮಾನರು, "ವಾಪಸ್ ಬರ್ತಾ ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿದ್ರೆ ನಿನ್ನ ಹುಡುಕಬೇಕಾಗುತ್ತೆ" ಎಂದರು.

ಕೊನೆಗೆ ಸಣ್ಣ ಅಂಚಿನ ತಿಳಿನೀಲಿ ಕಾಟನ್ನಿಗೆ ಇಸ್ತ್ರಿ ಹಾಕಿದೆ. ಅತ್ತೆ ಬೀರುವಿನಿಂದ ರೇಷ್ಮೆ ಈಚೆಗೆ ತೆಗೆದರು.

"ಹಂಗಾದ್ರೆ ಇದನ್ನ ನಾನೇ ಉಡ್ತೀನಿ. ಮಗೂನ ಮಾತ್ರ ನನ್ನ ಕೈಗೆ ಕೊಡಬೇಡಿ."