ಸೀಸದ ಸಿಪಾಯಿಗೆ ಬಣ್ಣ ಬಳಿಯುವವರು

ಸೀಸದ ಸಿಪಾಯಿಗಳಿಗೆ ಬಣ್ಣ ಬಳಿಯುವವರು ಮುಖ್ಯವಾಗಿ ಇಂಗ್ಲೆಂಡಿನಲ್ಲಿ ಕಂಡುಬರುತ್ತಾರೆ. ಬೇರೆ ದೇಶಗಳಲ್ಲೂ ಇಲ್ಲದಿಲ್ಲ, ಆದರೆ ದಟ್ಟಣೆ ಹೆಚ್ಚಿರುವುದು ನಾಟಿಂಗ್‌ಹ್ಯಾಮ್ ಸುತ್ತಮುತ್ತ. ಬೊಂಬೆ ಎರಕ ಹೊಯ್ಯುವ ಕಂಪನಿಗಳು ಅಲ್ಲಿ ಎಷ್ಟು ಒತ್ತೊತ್ತಾಗಿವೆಯೆಂದರೆ ಆ ಸೀಮೆಗೆ ‘ಸೀಸದ ಪಟ್ಟಿ’ ಎಂದೇ ಅಡ್ಡಹೆಸರು ಬಿದ್ದಿದೆ. ಸಾಮಾನ್ಯವಾಗಿ ಗಂಡಸು, ವಯಸ್ಸು ಐವತ್ತರ ಮೇಲೆ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ, ತೋರುಬೆರಳಿನ ಉಗುರುಸಂದಿಯಲ್ಲಿ ಯಾವುದೋ ರೆಜಿಮೆಂಟಿನ ಬಣ್ಣ. ನಿರುಪದ್ರವಿ ಪ್ರಾಣಿ, ಅಂಗಿಯ ಬಣ್ಣದ ಮಾತು ಬಾರದಿದ್ದರೆ.

ಸಿಪಾಯಿಯ ಎತ್ತರ ಹೆಚ್ಚಾಗಿ 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು. ಇದನ್ನು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯಬೇಕೋ ನೆತ್ತಿಯವರೆಗೆ ಅಳೆಯಬೇಕೋ ಎಂಬುದರ ಮೇಲೆ ಎರಡು ಪಂಗಡಗಳಾಗಿವೆ. 15 ಮಿಲಿಮೀಟರಿನವರೂ 6 ಮಿಲಿಮೀಟರಿನವರೂ ಇದ್ದಾರೆ. ಆರರವನು ಸುಮಾರು ಒಂದು ಭತ್ತದ ಕಾಳಿನಷ್ಟು, ಅವನಿಗೂ ಗುಂಡಿ ಇಡುವವರುಂಟು. ಹೇಳಿಕೊಳ್ಳುವ ಉದ್ದೇಶ ಯುದ್ಧ. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅಳತೆಯ ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನ್ಯ ನಡೆಸಿ, ದಾಳ ಉರುಳಿಸಿ ಸತ್ತವರನ್ನು ಎಣಿಸುವುದು. ಕ್ರಮಬದ್ಧ ಆಟವೇ, ದಪ್ಪ ನಿಯಮಪುಸ್ತಕಗಳಿವೆ. ಆದರೆ ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುವವರು ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಯನ್ನು ಮಲಗಿಸಿ ಎಲ್ಲವನ್ನೂ ಅಟ್ಟಕ್ಕೇರಿಸುತ್ತಾರೆ. ಇವರಲ್ಲಿ ಆ ಹತ್ತನೆಯ ದಿನ ಬರುವುದೇ ಇಲ್ಲ.

ವಂಶಾವಳಿ ದೊಡ್ಡದು. ಹದಿನೆಂಟನೆಯ ಶತಮಾನದ ನ್ಯೂರೆಂಬರ್ಗಿನಲ್ಲಿ ಚಪ್ಪಟೆ ತವರದ ಸಿಪಾಯಿಗಳು ತಯಾರಾಗುತ್ತಿದ್ದವು. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಯನ್ನು ಅಗ್ಗಕ್ಕೆ ಕೊಟ್ಟಿತು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು, ದೊಡ್ಡವರೂ ನಾಚಿಕೆಯಿಲ್ಲದೆ ನೆಲದ ಮೇಲೆ ಮಂಡಿಯೂರಿ ಸ್ಪ್ರಿಂಗ್ ಫಿರಂಗಿ ಹೊಡೆಯಬಹುದು ಎಂದು ತೋರಿಸಿದ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಬಂದಮೇಲೆ ಇದು ಹವ್ಯಾಸವಾಗಿ ಊರೂರಿಗೆ ಹಬ್ಬಿತು.

ಆದರೆ ಈ ಜಾತಿಯ ಮೂಲಪುರುಷ ಇವರು ಯಾರೂ ಅಲ್ಲ, ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ. ವಾಟರ್ಲೂ ಕದನದ ಮಾದರಿಯೊಂದನ್ನು ಮಾಡಿಕೊಡು ಎಂದು 1830ರಲ್ಲಿ ಅವನಿಗೆ ಅಪ್ಪಣೆಯಾಯಿತು. ಬೇರೆಯವನಾಗಿದ್ದರೆ ನಕ್ಷೆ ನೋಡಿ ಆರು ತಿಂಗಳಲ್ಲಿ ಒಪ್ಪಿಸಿಬಿಡುತ್ತಿದ್ದ. ಸೈಬೋರ್ನ್ ಕದನ ನಡೆದ ಜಾಗಕ್ಕೇ ಹೋಗಿ ಲಾ ಹೇ ಸಾಂತ್ ಎಂಬ ತೋಟದಮನೆಯಲ್ಲಿ ಎಂಟು ತಿಂಗಳು ಠಿಕಾಣಿ ಹೂಡಿ ನೆಲ ಅಳೆದ. ಆಮೇಲೆ ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಹಾಕಿದ: 1815ರ ಜೂನ್ 18ರ ಸಂಜೆ ಏಳು ಗಂಟೆಗೆ ನಿಮ್ಮ ತುಕಡಿ ಎಲ್ಲಿತ್ತು? ಎದುರಿಗಿದ್ದ ಶತ್ರು ಯಾವ ಸಾಲಿನಲ್ಲಿ ನಿಂತಿದ್ದ? ಹೊಲದಲ್ಲಿ ಯಾವ ಬೆಳೆ ಇತ್ತು? ಗುಂಡಿನ ಮಳೆಯಲ್ಲಿ ತಲೆ ಉಳಿಸಿಕೊಂಡು ಬಂದವರಿಗೆ ಕಾಲಡಿಯ ಬೆಳೆ ಯಾವುದೆಂದು ಹದಿನೈದು ಇಪ್ಪತ್ತು ವರ್ಷದ ಮೇಲೆ ಕೇಳಿದನಲ್ಲ, ಅಲ್ಲಿಗೆ ಈ ಸಂತತಿಯ ಲಕ್ಷಣವೆಲ್ಲ ಬಂತು. ನಡುವೆ ಸರ್ಕಾರ ದುಡ್ಡು ನಿಲ್ಲಿಸಿತು. ಅವನು ಸಾಲ ಮಾಡಿ ಮುಂದುವರಿಸಿದ. ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ತವರದ ಸೈನಿಕರ ಆ ಮಾದರಿ 1838ರಲ್ಲಿ ಲಂಡನ್ನಿನ ಜನರೆದುರು ಬಂತು. ಗೆದ್ದ ಸೇನಾಪತಿ ವೆಲ್ಲಿಂಗ್ಟನ್‌ಗೆ ಮಾತ್ರ ಅದರಲ್ಲಿ ಪ್ರಶ್ಯನ್ನರು ನಿಂತ ಜಾಗ ಹಿಡಿಸಲಿಲ್ಲ. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಸೈಬೋರ್ನ್‌ನ ಸಾಲ ತೀರಲಿಲ್ಲ.

ಕೆಲಸದ ಕ್ರಮ ಹೀಗೆ. ತವರ ಬೆರೆತ ಬೊಂಬೆಯ ಮೈಮೇಲಿನ ಅಚ್ಚಿನ ಗೆರೆಯನ್ನು ಅರದಿಂದ ಉಜ್ಜಿ ತೆಗೆದು, ಸೋಪುನೀರಿನಲ್ಲಿ ತೊಳೆದು, ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳುತ್ತಾರೆ. ಮೊದಲು ಕಪ್ಪು ಅಥವಾ ಬಿಳಿ ಪ್ರೈಮರ್ ಸಿಂಪಡಣೆ. ಆಮೇಲೆ ಪ್ರತಿ ಬಣ್ಣಕ್ಕೂ ಮೂರು ಪದರ: ಮಡಿಕೆಗೆ ಗಾಢ, ಮೈಗೆ ನಡುವಣದು, ಉಬ್ಬಿಗೆ ತಿಳಿ. ಮೇಲೆ ಕಂದು ನೀರಿನಂಥ ತೆಳುಬಣ್ಣ ಹರಿಯಬಿಟ್ಟರೆ ಸಂದುಗೊಂದು ತುಂಬಿಕೊಳ್ಳುತ್ತದೆ. ಕೊನೆಗೆ ವಾರ್ನಿಷ್, ಕಾಲಡಿಗೆ ಅಂಟು ಬಳಿದು ಮರಳು, ಮರಳಿನ ಮೇಲೆ ನಾರಿನ ಹುಲ್ಲು. ಬ್ರಷ್ ವಿನ್ಸರ್ ಅಂಡ್ ನ್ಯೂಟನ್ನಿನ ಸೀರೀಸ್ ಸೆವೆನ್ ಆಗಿರಬೇಕು. 1866ರಲ್ಲಿ ವಿಕ್ಟೋರಿಯಾ ರಾಣಿ ತನಗಿಷ್ಟವಾದ ಏಳನೆಯ ಅಳತೆಯಲ್ಲಿ ಅತ್ಯುತ್ತಮ ಕುಂಚ ಮಾಡಿಕೊಡಿ ಎಂದದ್ದರಿಂದ ಆ ಹೆಸರು. ರಾಣಿ ಅದರಿಂದ ಜಲವರ್ಣದ ಚಿತ್ರ ಬರೆಯುತ್ತಿದ್ದಳು. ಇವರು ಬ್ರಷ್ಷಿನ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿಕೊಂಡು ಸಿಪಾಯಿಯ ಬೆಲ್ಟಿನ ಬಕಲ್ ಬಿಡಿಸುತ್ತಾರೆ. ಬ್ರಷ್ ತೊಳೆಯುವ ಲೋಟವೂ ಟೀ ಕುಡಿಯುವ ಲೋಟವೂ ಒಂದೇ ಆಕಾರದವು, ಒಂದೇ ಮೇಜಿನ ಮೇಲಿರುತ್ತವೆ. ಮನೆಯಲ್ಲಿ ಬೇರೆಯವರಿದ್ದರೆ ಅವರ ಕಾಫಿಯೂ ಸುರಕ್ಷಿತವಲ್ಲ. ಪ್ರಶ್ಯನ್ ನೀಲಿಗೆ ವಿಶೇಷ ರುಚಿಯೇನೂ ಇಲ್ಲವೆಂದು ತಿಳಿದುಬಂದಿದೆ.

ಕಣ್ಣು ಬರೆಯುವುದು ಬೇರೆಯೇ ವಿದ್ಯೆ. ಬಿಳಿ ಚುಕ್ಕೆಯ ನಡುವೆ ಕಪ್ಪು ಚುಕ್ಕೆ ಇಟ್ಟರೆ ಸಾಕೆಂದು ಹೊಸಬರು ಭಾವಿಸುತ್ತಾರೆ. ಇಡೀ ರೆಜಿಮೆಂಟು ದೆವ್ವ ಕಂಡಂತಾಗುತ್ತದೆ. ಮೂರಡಿ ದೂರದಿಂದ ನೋಡಿದರೆ ಕಣ್ಣು ಕಾಣುವುದೇ ಇಲ್ಲ, ನೆರಳು ಸಾಕು ಎನ್ನುವವರು ಒಂದು ಕಡೆ. ಕಾಣದಿದ್ದರೇನು, ನನಗೆ ಗೊತ್ತಲ್ಲ ಎನ್ನುವವರು ಇನ್ನೊಂದು ಕಡೆ.

ಇಷ್ಟನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಬಣ್ಣದ ಪ್ರಮಾಣ. ನೆಪೋಲಿಯನ್ ಕಾಲದ ಇಂಗ್ಲಿಷ್ ಸಿಪಾಯಿಯ ಕೋಟು ಕೆಂಪು ಎಂದು ಲೋಕವೆಲ್ಲ ಬಲ್ಲದು. ಇವರನ್ನು ಕೇಳಿದರೆ ಜವಾನನದು ಮಂಜಿಷ್ಠದ ಮಂಕು ಕೆಂಪು, ಅಧಿಕಾರಿಯದು ಕಡುಗೆಂಪು, ಎರಡೂ ಬೇರೆ ಸೀಸೆ. ಕಾಲರಿಗೂ ತೋಳಿನ ಪಟ್ಟಿಗೂ ರೆಜಿಮೆಂಟಿಗೊಂದು ಬಣ್ಣ: 12ನೆಯದಕ್ಕೆ ಹಳದಿ, 73ನೆಯದಕ್ಕೆ ಕಡುಹಸಿರು, 74ನೆಯದಕ್ಕೆ ಬಿಳಿ. 33ನೆಯದಕ್ಕೆ ಕೆಂಪು ಕೋಟಿಗೆ ಕೆಂಪೇ ಕಾಲರು. ಸುಲಭವಾಯಿತಲ್ಲ ಎಂದರೆ ತಪ್ಪು. ಕೆಂಪಿನ ಮೇಲೆ ಕೆಂಪು ಕಾಣುವಂತೆ ಮೂರನೆಯ ಕೆಂಪೊಂದನ್ನು ಕಲಸಬೇಕು.

ಇಲ್ಲಿ ಒಂದು ಪ್ರಾತಿನಿಧಿಕ ಪ್ರಕರಣ ಕೊಡಬಹುದು. ಮಂಡ್ಯದ ಕಡೆಯಿಂದ ಓದಲು ಹೋದವನೊಬ್ಬ ನಾಟಿಂಗ್‌ಹ್ಯಾಮಿನಲ್ಲಿ ಇಂಥ ಒಬ್ಬರ ಮನೆಯ ಮಹಡಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ. (ಅವನ ಹೆಸರು ಇಲ್ಲಿ ಅಪ್ರಸ್ತುತ.) ಮನೆಯೊಡೆಯರು ನಿವೃತ್ತ ಗಣಿತದ ಮೇಷ್ಟ್ರು, ವಿಧುರರು. ಬಾಡಿಗೆ ಕಡಿಮೆ. ಕಾರಣ ತಿಳಿದದ್ದು ಎರಡನೆಯ ವಾರ. ಅವರು ಶ್ರೀರಂಗಪಟ್ಟಣದ 1799ರ ಮುತ್ತಿಗೆಗೆ ಸೈನ್ಯ ಕಟ್ಟುತ್ತಿದ್ದರು, ಮೇಲೆ ಹೇಳಿದ ನಾಲ್ಕು ರೆಜಿಮೆಂಟುಗಳೂ ಅಲ್ಲಿದ್ದವು. ಅವಕ್ಕೆ ಬಣ್ಣ ಬಳಿದು ಮುಗಿದಿತ್ತು. ಟಿಪ್ಪುವಿನ ಸಿಪಾಯಿಗಳು ಬರೀ ಪ್ರೈಮರಿನಲ್ಲಿ ನಿಂತಿದ್ದರು.

“ನೀವು ಅಲ್ಲಿಯವರಲ್ಲವೇ? ಅಂಗಿಯ ನೇರಳೆ ಯಾವ ನೇರಳೆ?”

ಪ್ರಶ್ನೆ ನ್ಯಾಯವಾದದ್ದೇ. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ, ಮೇಲೆ ಬಿಳಿಯ ಗುರುತುಗಳು, ‘ಹುಲಿ ಅಂಗಿ’ ಎಂದು ಆ ಕಾಲದ ಇಂಗ್ಲಿಷರು ಬರೆದಿದ್ದಾರೆ. ಕ್ಯಾಪ್ಟನ್ ಚಾರ್ಲ್ಸ್ ಗೋಲ್ಡ್ 1806ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಅಂಥ ಸಿಪಾಯಿಯೊಬ್ಬನಿದ್ದಾನೆ. ಆದರೆ ಅಂದಿನ ಮುದ್ರಣಗಳಿಗೆ ಬಣ್ಣ ಹಾಕುತ್ತಿದ್ದದ್ದು ಕೈಯಲ್ಲಿ. ಪ್ರತಿಯಿಂದ ಪ್ರತಿಗೆ ಬಣ್ಣ ಒಂದೇ ಇರುತ್ತದೆಂದು ಹೇಳಲಾಗದು. ಬಾಡಿಗೆದಾರನಿಗೆ ಶ್ರೀರಂಗಪಟ್ಟಣವೆಂದರೆ ಏಳನೇ ಕ್ಲಾಸಿನ ಪ್ರವಾಸ, ಪುಳಿಯೋಗರೆ, ಬಸ್ಸಿನಲ್ಲಿ ವಾಂತಿ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಊರಿನ ಮಾನ ಅಡ್ಡ ಬಂತು. ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, ಟಿಪ್ಪುವಿನ ಕಡೆಯವರು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ, ರಜೆಗೆ ಹೋದಾಗ ನೋಡಿಕೊಂಡು ಬರುತ್ತೇನೆ ಎಂದುಬಿಟ್ಟ. ಮೇಷ್ಟ್ರು ಒಂದು ರಟ್ಟಿನ ಮೇಲೆ ಹದಿನಾಲ್ಕು ಬಗೆಯ ನೇರಳೆಯನ್ನು ಹಚ್ಚಿ, ನಂಬರು ಹಾಕಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ತಾವೇ ಇಟ್ಟರು.

ಹೀಗಾಗಿ ಒಂದು ಏಪ್ರಿಲ್ ಮಧ್ಯಾಹ್ನ ಆ ಮನುಷ್ಯ ದರಿಯಾ ದೌಲತ್‌ನ ಪಡುವಣ ಗೋಡೆಯೆದುರು ಒಂದು ಕಣ್ಣು ಮುಚ್ಚಿ, ರಟ್ಟನ್ನು ಕೈಯಳತೆಯಲ್ಲಿ ಹಿಡಿದು, ಪಲ್ಲಕ್ಕಿಯೊಳಗಿನ ಸೋತ ಇಂಗ್ಲಿಷ್ ಕರ್ನಲ್ ಬೈಲಿಯನ್ನು ದಾಟಿ ಸೈನಿಕರ ಸಾಲಿನಿಂದ ಸಾಲಿಗೆ ಸರಿಯುತ್ತಿದ್ದ. ಕಾವಲುಗಾರ ಸ್ವಲ್ಪ ಹೊತ್ತು ನೋಡಿದ. “ಏನ್ ಸಾಮಿ, ಬಣ್ಣ ವಡೆಯಕ್ ಬಂದಿದ್ದೀರಾ? ಆಪೀಸ್ನೋರ್ ಏನೂ ಯೋಳ್ನಿಲ್ವಲ್ಲ” ಎಂದ. ನಾಟಿಂಗ್‌ಹ್ಯಾಮಿಗೆ ಐದು ಮತ್ತು ಒಂಬತ್ತರ ನಡುವೆ ಎಂದು ವರದಿ ಹೋಯಿತು. ಮರುದಿನವೇ ಉತ್ತರ ಬಂತು. ಆ ಚಿತ್ರವನ್ನು ಮೊದಲು ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಕಾಲದಲ್ಲಿ ತಿದ್ದಿ ಬರೆಸಿದ್ದಾರೆ, ಆಮೇಲೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಿದ್ದಾರೆ, ಆದ್ದರಿಂದ ಅದರ ಬಣ್ಣ ಸಾಕ್ಷ್ಯವಾಗದು. ಆದರೂ ತೊಂದರೆ ತೆಗೆದುಕೊಂಡದ್ದಕ್ಕೆ ಕೃತಜ್ಞ. ಇದು ಮೇಷ್ಟ್ರಿಗೆ ರಟ್ಟು ಕೊಡುವ ಮೊದಲೇ ಗೊತ್ತಿತ್ತೇ ಎಂಬುದನ್ನು ಬಾಡಿಗೆದಾರ ಇವತ್ತಿಗೂ ಯೋಚಿಸುತ್ತಾನೆ.

ಇನ್ನು ದಾಸ್ತಾನು. ಬಣ್ಣ ಕಾಣದ ಬೊಂಬೆಗಳ ರಾಶಿಗೆ ಈ ಮಂದಿ ‘ಸೀಸದ ಬೆಟ್ಟ’ ಎನ್ನುತ್ತಾರೆ. ಬಳಿದು ಮುಗಿಸಿದ್ದಕ್ಕಿಂತ ಕೊಂಡದ್ದು ಯಾವಾಗಲೂ ಹೆಚ್ಚು. ಮೇಷ್ಟ್ರ ಬೆಟ್ಟ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿತ್ತು: 4,200 ಬೊಂಬೆ. ವಾರಕ್ಕೆ ನಾಲ್ಕರಂತೆ 1,050 ವಾರ, ಅಂದರೆ ಇಪ್ಪತ್ತು ವರ್ಷ ಚಿಲ್ಲರೆ. ಅವರಿಗಾಗ 71. ತೊಂಬತ್ತೊಂದಕ್ಕೆ ಮುಗಿಯುತ್ತದೆ ಎಂದು ಕಪಾಟಿನ ಬಾಗಿಲ ಒಳಗೆ ಸೀಸದಕಡ್ಡಿಯಲ್ಲಿ ಬರೆದುಕೊಂಡಿದ್ದರು. ಅಂಚೆಯಲ್ಲಿ ಹೊಸ ಪೊಟ್ಟಣ ಬಂದಾಗಲೆಲ್ಲ ಹಳೆಯ ಅಂಕಿ ಹೊಡೆದುಹಾಕಿ ಹೊಸದು ಬರೆಯುತ್ತಿದ್ದರು. ಗಣಿತ ಬಲ್ಲವರು, ತಪ್ಪು ಮಾಡುತ್ತಿರಲಿಲ್ಲ.

ಕೆಲವು ರೆಜಿಮೆಂಟುಗಳ ಬಾವುಟಗಂಬ ಬೋಳಾಗಿರುತ್ತಿತ್ತು. ಕಾಗದದ ಮೇಲೆ ಅಚ್ಚು ಹಾಕಿದ ಬಾವುಟಗಳು ಅಂಗಡಿಯಲ್ಲಿ ಸಿಗುತ್ತವೆ, ಅಂಟಿಸಿದರೆ ಆಯಿತು. ಯಾಕೆ ಹೀಗೆ ಎಂದು ಬಾಡಿಗೆದಾರ ಒಮ್ಮೆ ಕೇಳಿದ. ಬಾವುಟ ಬರೆಯುತ್ತಿದ್ದದ್ದು ಹೆಂಡತಿ ಎಂದಷ್ಟೇ ಹೇಳಿ ಮೇಷ್ಟ್ರು ಬ್ರಷ್ ತೊಳೆಯಲು ಎದ್ದುಹೋದರು. ಆಮೇಲೆ ಬಾಡಿಗೆದಾರ ಕಾಫಿಯ ವಿಷಯದಲ್ಲಿ ದೂರು ಹೇಳಲಿಲ್ಲ.

ಯುದ್ಧದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೊಸದಾಗಿ ಬಣ್ಣ ಕಂಡ ದಳ ಮೊದಲ ಕಾಳಗದಲ್ಲೇ ಓಡಿಹೋಗುತ್ತದೆಂಬುದು ಈ ಲೋಕದ ಗಟ್ಟಿ ನಂಬಿಕೆ. ಮೇಷ್ಟ್ರು ಕೊನೆಗೆ ಇಪ್ಪತ್ತನಾಲ್ಕು ಸಿಪಾಯಿಗಳನ್ನು ಮೂರು ನೇರಳೆಯಲ್ಲಿ ಎಂಟೆಂಟರಂತೆ ಬಳಿದು, 1799ರ ಏಪ್ರಿಲ್ 5ರ ರಾತ್ರಿಯ ಸುಲ್ತಾನ್‌ಪೇಟೆ ತೋಪಿನ ಕಾದಾಟ ಹೂಡಿದರು. ನಿಜದಲ್ಲಿ ಅಂದು ಕತ್ತಲಲ್ಲಿ ದಿಕ್ಕುತಪ್ಪಿ ಹಿಮ್ಮೆಟ್ಟಿದ್ದು ವೆಲ್ಲೆಸ್ಲಿ ಮತ್ತವನ 33ನೆಯ ರೆಜಿಮೆಂಟು. ಮುಂದೆ ವಾಟರ್ಲೂ ಗೆದ್ದ ಅದೇ ವೆಲ್ಲಿಂಗ್ಟನ್. ಮೇಜಿನ ಮೇಲೆ ಟಿಪ್ಪುವಿನ ಕಡೆ ದಾಳ ಹಾಕುತ್ತಿದ್ದದ್ದು ಮಂಡ್ಯದವನು. ಮೂರು ಸಲವೂ ಒಂದೊಂದೇ ಬಿತ್ತು. ಮೂರು ನೇರಳೆಯೂ ಮೇಜಿನಂಚಿನವರೆಗೆ ಓಡಿದವು.

ಬೀಳ್ಕೊಡುವಾಗ ಅದರಲ್ಲೊಬ್ಬನನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಮೇಷ್ಟ್ರು ಬಾಡಿಗೆದಾರನ ಕೈಯಲ್ಲಿಟ್ಟರು. ಆ ವರ್ಷ ನವರಾತ್ರಿಗೆ ಆ ಸಿಪಾಯಿ ಮಂಡ್ಯದ ಮನೆಯ ಗೊಂಬೆಗಳಲ್ಲಿ ಕಡೆಯ ಮೆಟ್ಟಿಲು ಹತ್ತಿ, ಶೆಟ್ಟಿ-ಶೆಟ್ಟಮ್ಮನ ರಾಗಿಮೂಟೆಯ ಪಕ್ಕದಲ್ಲಿ ಬಂದೂಕು ಹಿಡಿದು ನಿಂತ. ತಾಯಿ ಕನ್ನಡಕ ಏರಿಸಿ ನೋಡಿ, “ಇದ್ಯಾರೋ ಇವ್ನು? ಥೇಟ್ ಗೀರು ಬದ್ನೇಕಾಯಿ ಇದ್ದಂಗವ್ನೆ” ಎಂದರು.

ನೇರಳೆಯ ಮೈ, ಮೇಲೆ ಬಿಳಿಯ ಗೀರು. ಬಾಡಿಗೆದಾರ ಅಂದೇ ಸಂತೆಗೆ ಹೋಗಿ ಅರ್ಧ ಕಿಲೋ ಬದನೆಕಾಯಿ ತಂದು, ಸಿಪಾಯಿಯನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದು ನಾಟಿಂಗ್‌ಹ್ಯಾಮಿಗೆ ಕಳಿಸಿದ. ಉತ್ತರ ಬರಲು ವಾರ ಹಿಡಿಯಿತು, ಎರಡು ಪುಟವಿತ್ತು. ಸಾದೃಶ್ಯ ಕುತೂಹಲಕರವಾಗಿದೆ ಎಂದು ಒಪ್ಪಿಕೊಂಡು, ಕಾಯಿ ಕಿತ್ತು ಎಷ್ಟು ದಿನವಾಗಿತ್ತು, ಎಳೆಯದೋ ಬಲಿತದ್ದೋ, ಫೋಟೋ ತೆಗೆದದ್ದು ಬಿಸಿಲಿನಲ್ಲೋ ನೆರಳಿನಲ್ಲೋ ಎಂದು ಮೇಷ್ಟ್ರು ವಿಚಾರಿಸಿದ್ದರು.