ಭದ್ರಾವತಿಯವಳಿಗೆ ಕಬ್ಬಿಣದ ಬರ

ಭದ್ರಾವತಿಯಲ್ಲಿ ಹುಟ್ಟಿದವರಿಗೆ ಬೇರೆ ಏನು ಕಮ್ಮಿಯಾದರೂ ಕಬ್ಬಿಣ ಕಮ್ಮಿಯಾಗಬಾರದು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟ ಇಳಿದು ಬಂದು ನಮ್ಮೂರ ಕುಲುಮೆಗೆ ಬೀಳುತ್ತಿತ್ತು. ಅಪ್ಪ ದುಡಿದದ್ದು ಅದೇ ಕಾರ್ಖಾನೆಯಲ್ಲಿ. ಶಿಫ್ಟು ಮುಗಿಸಿ ಬಂದರೆ ಅಂಗಿಯ ಕಾಲರಿನ ಮಡಿಕೆಯಲ್ಲಿ ಕೆಂಪು ಧೂಳು. ಅಮ್ಮ ಅದಕ್ಕೆ ಬಾರ್ ಸೋಪು ಹಚ್ಚಿ ತಿಕ್ಕುತ್ತ, ಕಾರ್ಖಾನೆಯನ್ನೂ ಅದನ್ನು ಕಟ್ಟಿಸಿದ ಸರ್ ಎಂ.ವಿ.ಯವರನ್ನೂ ಒಟ್ಟಿಗೇ ವಿಚಾರಿಸಿಕೊಳ್ಳುತ್ತಿದ್ದಳು. ಅಂಥ ಮನೆಯ ಮಗಳ ರಕ್ತ ಪರೀಕ್ಷೆಯ ರಿಪೋರ್ಟು ಬಂದಾಗ ಹಿಮೋಗ್ಲೋಬಿನ್ 8, ಫೆರಿಟಿನ್ 5. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ, "ಕಬ್ಬಿಣ ಇಲ್ವೇ ಇಲ್ವಲ್ರೀ ನಿಮ್ಮಲ್ಲಿ" ಎಂದರು. ಅಪ್ಪ ಇದ್ದಿದ್ದರೆ ಮನೆತನಕ್ಕೇ ಕಳಂಕ ಎಂದು ನೊಂದುಕೊಳ್ಳುತ್ತಿದ್ದರು.

ಈ ಬರಕ್ಕೆ ಕಾರಣ ಹುಡುಕಲು ಪತ್ತೇದಾರಿಕೆ ಬೇಕಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡೆ. ತೂಕ ಮೂರಂಕಿ ಮುಟ್ಟಿ ಅಲ್ಲೇ ಬೀಡುಬಿಟ್ಟಿತ್ತು, ಅದರ ಬೆನ್ನಿಗೇ ಸಕ್ಕರೆ ಕಾಯಿಲೆಯೂ ಬಂದು ಕೂತಿತ್ತು. ಈ ವಿದ್ಯೆಗೆ ಕೈಹಾಕಿದವರು ಅಮೆರಿಕದ ಅಯೋವಾದ ಸರ್ಜನ್ ಎಡ್ವರ್ಡ್ ಮೇಸನ್, 1960ರ ದಶಕದಲ್ಲಿ. ಹೊಟ್ಟೆಹುಣ್ಣಿಗೆಂದು ಜಠರದ ಒಂದು ಭಾಗ ತೆಗೆಸಿಕೊಂಡವರು ತೆಳ್ಳಗೇ ಉಳಿದುಬಿಡುವುದನ್ನು ಗಮನಿಸಿ ಅವರಿಗೆ ಈ ಯೋಚನೆ ಹೊಳೆದದ್ದು. ಹಾಗೆ ತೆಗೆಸಿಕೊಂಡವರಿಗೆ ರಕ್ತ ಕಮ್ಮಿಯಾಗುತ್ತದೆ ಎಂಬುದೂ ವೈದ್ಯರಿಗೆ ಹೊಸ ಸುದ್ದಿಯೇನಲ್ಲ. ನನಗೂ ಆಪರೇಷನ್ನಿಗೆ ಮುಂಚೆಯೇ ಹೇಳಿದ್ದರು: ಮಾತ್ರೆಗಳು ಜೀವನಪರ್ಯಂತ. ಸಕ್ಕರೆ ಹತೋಟಿಗೆ ಬಂತು, ಮಂಡಿನೋವು ಹೋಯಿತು, ಬೀರುವಿನ ತಳದಲ್ಲಿದ್ದ ಮದುವೆಯ ರವಿಕೆ ಮತ್ತೆ ಮೈಗೆ ಬಂತು. ಆ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರಿರುವುದು ರೂಟಿನ ಬಗ್ಗೆ. ಈ ಆಪರೇಷನ್ನಿನಲ್ಲಿ ಜಠರದ ಮೇಲ್ತುದಿಯಲ್ಲಿ 30 ಮಿಲಿಲೀಟರಿನಷ್ಟು ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಂ ಕಡೆಗೆ ತಿಂದದ್ದು ತಲೆ ಹಾಕುವುದೇ ಇಲ್ಲ. ರಾತ್ರಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು "ಊರೊಳಗೆ ಹೋಗಲ್ಲ, ಬೈಪಾಸ್, ಬೈಪಾಸ್" ಎಂದು ಕೂಗುತ್ತಾನಲ್ಲ, ಥೇಟ್ ಹಾಗೆ. ರಕ್ತಕ್ಕೆ ಸೇರುವ ಕಬ್ಬಿಣದ ಪ್ರಯಾಣಿಕರಲ್ಲಿ ಹೆಚ್ಚಿನವರು ಇಳಿಯಬೇಕಾದದ್ದು ಆ ಊರಿನಲ್ಲೇ. ಬಸ್ಸು ನಿಲ್ಲದಿದ್ದರೆ ಅವರು ಕಿಟಕಿಯಿಂದ ಊರಿನ ದೀಪ ನೋಡುತ್ತ ಮುಂದೆ ಹೋಗಿ ಕೊನೆಯ ಸ್ಟಾಪಿನಲ್ಲಿ ಇಳಿಯುತ್ತಾರೆ. ಕೊನೆಯ ಸ್ಟಾಪು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಮಾತ್ರೆ ನುಂಗಿದ ಮರುದಿನ ಅಲ್ಲಿನ ಕಪ್ಪು ಬಣ್ಣ ನೋಡಿ ಗಾಬರಿಯಾದವರಿಗೆಲ್ಲ ಅದು ಗೊತ್ತು. ಸಾಲದ್ದಕ್ಕೆ, ಸೊಪ್ಪು-ಕಾಳಿನ ಕಬ್ಬಿಣ ರಕ್ತಕ್ಕೆ ಸೇರುವ ರೂಪಕ್ಕೆ ಬರಲು ಜಠರದ ಆಮ್ಲ ಬೇಕು. ಅಂಗೈಗುಳಿಯಷ್ಟು ಚೀಲದಲ್ಲಿ ಆಮ್ಲ ಎಷ್ಟಿದ್ದೀತು?

ರಕ್ತ ಇಳಿಯುತ್ತಿದೆ ಎಂಬುದು ನನಗೆ ಬೇಗ ಹೊಳೆಯಲಿಲ್ಲ, ಏಕೆಂದರೆ ಹೊಗಳಿಕೆ ಕಿವಿ ತುಂಬಿತ್ತು. ಮದುವೆ ಮನೆಗಳಲ್ಲಿ ಹೆಂಗಸರು ನನ್ನನ್ನು ಸುತ್ತು ಹಾಕಿ ನೋಡಿ, "ಎಷ್ಟು ಸಣ್ಣಗಾಗಿದ್ದೀ ಮಾರಾಯ್ತಿ!" ಎನ್ನುತ್ತಿದ್ದರು. ಅದೇ ಉಸಿರಿನಲ್ಲಿ ದನಿ ತಗ್ಗಿಸಿ, "ಏನೂ ಕಾಯಿಲೆ ಇಲ್ಲ ತಾನೆ?" ದಪ್ಪಗಿದ್ದಾಗ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ತೂಕಕ್ಕೆ. ಸಣ್ಣಗಾದ ಮೇಲೆ ಅದೇ ಮೆಟ್ಟಿಲಿಗೆ ಅದೇ ಏದುಸಿರು ಬಂದಾಗ, ಇದು ಹಳೆಯ ಅಭ್ಯಾಸಬಲ ಎಂದುಕೊಂಡೆ. ಬಾಚಣಿಗೆ ತುಂಬ ಕೂದಲು. ರಾತ್ರಿ ಹಾಸಿಗೆಯಲ್ಲಿ ಕಾಲು ಸುಮ್ಮನಿರದೆ ಒದ್ದಾಡುವುದು. ಯಜಮಾನರು ದಿಂಬಿನ ಗಡಿ ಹಾಕಿಕೊಂಡು ಮಲಗತೊಡಗಿದರು.

ಗುಟ್ಟು ಬಯಲು ಮಾಡಿದ್ದು ಐಸು. ಐಸ್‌ಕ್ರೀಂ ಅಲ್ಲ, ಬರೀ ನೀರಿನ ಐಸು. ಮಧ್ಯಾಹ್ನ ಮೂರಾಯಿತೆಂದರೆ ಕೌಂಟರಿನಲ್ಲಿ ಕೂತ ನನಗೆ ಎದುರಿನ ಗ್ರಾಹಕರ ಚೆಕ್ಕು ಕಾಣುತ್ತಿರಲಿಲ್ಲ, ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಗೋಣಿತಾಟಿನೊಳಗೆ ಕುಟ್ಟುವ ಐಸಿನ ಸದ್ದು ಮಾತ್ರ ಕೇಳುತ್ತಿತ್ತು. ಅಂಗಡಿಯ ಹುಡುಗ ಮೊದಲೆರಡು ದಿನ "ಜ್ಯೂಸ್ ಯಾವುದು ಮೇಡಂ?" ಎಂದು ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟು ಲೋಟದ ತುಂಬ ಐಸು ಹಾಕಿ, ಕನಿಕರದಿಂದ ಮೇಲೊಂದು ಪುದೀನ ಎಲೆ ಇಟ್ಟು ಕೊಡುತ್ತಿದ್ದ. ಮನೆಯಲ್ಲಿ ನಡುರಾತ್ರಿ ಎದ್ದು ಫ್ರಿಜ್ಜಿನ ಟ್ರೇ ತಿರುಚಿ, ಕತ್ತಲಲ್ಲೇ ನಿಂತು ಕಟಕಟ ಅಗಿಯುವುದು. ಹಲ್ಲು ಜುಮ್ಮೆನ್ನುತ್ತಿತ್ತು, ತಲೆಗೆ ಮಾತ್ರ ಹಿತ. ಯಜಮಾನರು ನಿದ್ದೆಗಣ್ಣಿನಲ್ಲಿ ಆ ಸದ್ದು ಕೇಳಿ, ಅಡುಗೆಮನೆಗೆ ಇಲಿ ಹೊಕ್ಕಿದೆ ಎಂದು ತೀರ್ಮಾನಿಸಿ, ಅಟ್ಟದ ಮೇಲಿದ್ದ ಬೋನು ಇಳಿಸಿ ಅದಕ್ಕೆ ಕೊಬ್ಬರಿ ಚೂರು ಸಿಕ್ಕಿಸಿಟ್ಟರು. ನಾನು ಆ ಬೋನನ್ನು ದಾಟಿಕೊಂಡೇ ಹೋಗಿ ಐಸು ತಿಂದು ಬರುತ್ತಿದ್ದೆ.

ತಿನ್ನಬಾರದ್ದನ್ನು ತಿನ್ನಬೇಕೆನಿಸುವ ಈ ಚಪಲಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಕಬ್ಬಿಣ ಕಮ್ಮಿಯಾದವರಲ್ಲಿ ಇದು ತೀರಾ ಸಾಮಾನ್ಯ. ಕೆಲವರಿಗೆ ಐಸು, ಕೆಲವರಿಗೆ ಹಸಿ ಅಕ್ಕಿ, ಕೆಲವರಿಗೆ ಮಣ್ಣು. ಸ್ಲೇಟು ಹಿಡಿದು ಶಾಲೆಗೆ ಹೋಗುವ ಮಕ್ಕಳು ಕಾಣೆಯಾಗಿ ಎಷ್ಟೋ ಕಾಲವಾದರೂ ದಿನಸಿ ಅಂಗಡಿಗಳಲ್ಲಿ ಬಳಪದ ಡಬ್ಬಿ ಇನ್ನೂ ಖಾಲಿಯಾಗುತ್ತಿದೆಯಲ್ಲ, ಯಾರಿಂದ ಎಂದು ಅಂಗಡಿಯವರನ್ನು ಕೇಳಿ ನೋಡಿ. ನಮ್ಮಲ್ಲಿ ಬಸುರಿ ಬಳಪ ಕಡಿದರೆ ಬಯಕೆ ಎಂದು ನಕ್ಕು ಸೀಮಂತಕ್ಕೆ ಸೀರೆ ತರುತ್ತಾರೆ. ರಕ್ತ ಪರೀಕ್ಷೆ ಮಾಡಿಸುವುದು ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅವರೆಲ್ಲ ಬೈಪಾಸ್ ಮಾಡಿಸಿಕೊಂಡವರಲ್ಲ. ನನಗೆ ಸರ್ಜನ್ ಕತ್ತರಿಸಿಕೊಟ್ಟದ್ದನ್ನು ಅವರಿಗೆ ಗಂಡ-ಮಕ್ಕಳಿಗೆ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಪುಕ್ಕಟೆಯಾಗಿ ಕೊಟ್ಟಿದೆ.

ಸುದ್ದಿ ಹಬ್ಬಿದ ಮೇಲೆ ಉಪಚಾರಕ್ಕೆ ಬಂದವರ ಸಂಖ್ಯೆ ಆಪರೇಷನ್ನಿಗೆ ಬಂದವರಿಗಿಂತ ಜಾಸ್ತಿ. ನಮ್ಮ ಜನಕ್ಕೆ ಕೆಂಪಗಿದ್ದದ್ದೆಲ್ಲ ರಕ್ತವೇ. ಬೀಟ್‌ರೂಟ್ ಬಂತು, ದಾಳಿಂಬೆ ಬಂತು. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತ ಕಮ್ಮಿ ಎಂದರೆ ನಾದಿನಿಗೆ ಸಿಟ್ಟು: "ಮತ್ತೆ ಅಷ್ಟು ಕೆಂಪಗೆ ಯಾಕಿದೆ?" ಎಲ್ಲರ ಕೈಯಲ್ಲೂ ತಪ್ಪದೆ ಇದ್ದದ್ದು ಖರ್ಜೂರದ ಪ್ಯಾಕೆಟ್ಟು. ಬೈಪಾಸ್ ಆದವರು ಸಿಹಿಯನ್ನು ಒಂದಿಷ್ಟು ಜಾಸ್ತಿ ತಿಂದರೂ ಅದು ಒಮ್ಮೆಲೇ ಕರುಳಿಗೆ ಧುಮುಕಿ, ಬೆವರು, ಎದೆಬಡಿತ, ಹೊಟ್ಟೆ ತೊಳಸು ಶುರುವಾಗುತ್ತದೆ. ಡಂಪಿಂಗ್ ಎನ್ನುತ್ತಾರೆ. ಚಿಕ್ಕಮ್ಮನ ಒತ್ತಾಯಕ್ಕೆ ಬೆಲ್ಲದ ಪಾಕದಲ್ಲಿ ನೆನೆಸಿದ ಖರ್ಜೂರ ತಿಂದು ಸೋಫಾದ ಮೇಲೆ ಒರಗಿ ಬೆವರುತ್ತಿದ್ದರೆ, ಆಕೆ ನನ್ನ ಹಣೆ ಮುಟ್ಟಿ, "ನೋಡು, ರಕ್ತ ಏರ್ತಾ ಇದೆ" ಎಂದಳು. ದೊಡ್ಡಪ್ಪ ತಂದದ್ದು ಲೋಹಾಸವ. ಆಸವವೆಂದ ಮೇಲೆ ಹುದುಗಿ ಬಂದ ಮದ್ಯಾಂಶ ಅದರಲ್ಲಿ ಇದ್ದೇ ಇರುತ್ತದೆ, ಬೈಪಾಸ್ ಆದವರಿಗೆ ಅದು ಬಲು ಬೇಗ ನೆತ್ತಿಗೇರುತ್ತದೆ. ಬಾಟಲಿ ಈಗ ದೇವರ ಗೂಡಿನ ಪಕ್ಕ ಗೌರವದಿಂದ ಕೂತಿದೆ. ಸಹೋದ್ಯೋಗಿಯೊಬ್ಬರು ಮಾತ್ರ ನಿಜವಾದ ದಾರಿ ತೋರಿಸಿದರು. ಸ್ಟ್ರಾಂಗ್‌ರೂಮಿನ ಬಾಗಿಲ ಮರೆಗೆ ಕರೆದು, ಅತ್ತಿತ್ತ ನೋಡಿ, "ಲಿವರ್ ಫ್ರೈ ಮೇಡಂ. ಔಷಧಿ ಅಂತ ತಿಂದರೆ ದೋಷ ಇಲ್ಲ" ಎಂದರು. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ ಎಂಬುದು ಸತ್ಯವೇ. ಆದರೆ ನಮ್ಮತ್ತೆ ಈರುಳ್ಳಿಗೇ ಪಂಚಾಂಗ ನೋಡುವವರು.

ಮಾತ್ರೆಗಳ ವೇಳಾಪಟ್ಟಿಯಂತೂ ರೈಲ್ವೆಯವರಿಗೂ ಸವಾಲು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ನನಗೆ ಬೇಕು. ಅವೆರಡಕ್ಕೆ ಪರಸ್ಪರ ಮುಖ ನೋಡಲಾಗದು, ನಡುವೆ ಕನಿಷ್ಠ 2 ಗಂಟೆ ಬೇಕು. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ 4 ಗಂಟೆ. ರಾಗಿಮುದ್ದೆ ತಿಂದು ಕಬ್ಬಿಣ ಗಳಿಸೋಣವೆಂದರೆ ರಾಗಿಯ ದೊಡ್ಡ ಆಸ್ತಿಯೇ ಕ್ಯಾಲ್ಸಿಯಂ, ಅದೇ ಕಬ್ಬಿಣಕ್ಕೆ ಅಡ್ಡಗಾಲು. ಕಾಫಿ, ಚಹಾ ಹತ್ತಿರ ಬಂದರೆ ಕಬ್ಬಿಣ ಮುಖ ತಿರುಗಿಸುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿಯ ವಿಟಮಿನ್ ಸಿ ಜೊತೆಗಿದ್ದರೆ ಮಾತ್ರ ಖುಷಿ. ಹಾಗಾಗಿ ಬೆಳಗ್ಗೆ 5.30ಕ್ಕೆ ಥೈರಾಯ್ಡ್, 10.30ಕ್ಕೆ ನಿಂಬೆ ನೀರಿನೊಂದಿಗೆ ಕಬ್ಬಿಣ. 11ಕ್ಕೆ ಬ್ಯಾಂಕಿಗೆ ಕಾಫಿ ಬರುತ್ತದೆ. ಪಕ್ಕದ ಕೌಂಟರಿನವರು ಫಿಲ್ಟರ್ ಕಾಫಿಯನ್ನು ಸೊರ್ ಎಂದು ಎಳೆಯುವಾಗ ಅವರ ಮೇಲೆ ನನಗೆ ಹುಟ್ಟುವ ಭಾವನೆ ಸಹೋದ್ಯೋಗಕ್ಕೆ ಒಪ್ಪುವಂಥದ್ದಲ್ಲ.

ಈ ಮಾತ್ರೆಯೂ ದಿನ ಬಿಟ್ಟು ದಿನ. ಕಬ್ಬಿಣ ಒಳಗೆ ಬಿದ್ದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಹೊರಡಿಸಿ, ಸುಮಾರು ಒಂದು ದಿನ ಕರುಳು ಮತ್ತಷ್ಟು ಕಬ್ಬಿಣ ಹೀರದಂತೆ ತಡೆಯುತ್ತದೆ. ಅದು ಇಳಿದ ಮೇಲೆ ಕೊಟ್ಟರೆ ಮೇಲು ಎಂದು ಡಾಕ್ಟರು ಹೇಳಿದರು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಯಜಮಾನರು ಒಂದು ದಿನ ಬಿಟ್ಟು ಒಂದು ದಿನ ನೀಲಿ ಪೆನ್ನಿನಲ್ಲಿ 'ಕ' ಬರೆದರು. ಅತ್ತೆ ಅದನ್ನು ಬಹಳ ದಿನ ಗಮನಿಸಿ, "ಇದ್ಯಾವ ವ್ರತವೇ?" ಎಂದು ಕೇಳಿದರು. ಕಬ್ಬಿಣದ್ದು ಎಂದೆ. "ಶನಿದೇವರದ್ದಾ? ಎಳ್ಳೆಣ್ಣೆ ದೀಪ ಹಚ್ಚಲ್ವಲ್ಲ ಮತ್ತೆ?" ಅವರ ಶಾಸ್ತ್ರದ ಪ್ರಕಾರ ಪ್ರಶ್ನೆ ಸರಿಯಾಗಿಯೇ ಇತ್ತು.

ವ್ರತ ಫಲ ಕೊಡಲಿಲ್ಲ. ಮೂರು ತಿಂಗಳ ನಂತರವೂ ಅಂಕಿ ಅಲುಗಲಿಲ್ಲ. ಮುಟ್ಟು ನಿಲ್ಲದ ವಯಸ್ಸಿನ ಹೆಂಗಸಿಗೆ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿಯಾದರೆ ಮಾತ್ರೆ ಏನು ಮಾಡೀತು? ಹೊಟ್ಟೆಯೊಳಗೆ ಹುಣ್ಣೇನಾದರೂ ಇದೆಯೇ ಎಂದು ಎಂಡೋಸ್ಕೋಪಿ ಮಾಡಿ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಡಾಕ್ಟರು ಕರುಳಿನ ತಂಟೆಯೇ ಬೇಡ, ನರಕ್ಕೇ ಕೊಡೋಣ ಎಂದರು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, 1000 ಮಿಲಿಗ್ರಾಂ, ಡ್ರಿಪ್ಪಿನಲ್ಲಿ. ಕಾಫಿ ಬಿಡಿಸಿದವರೇ ಗಟ್ಟಿ ಡಿಕಾಕ್ಷನ್ ಬಣ್ಣದ ಬಾಟಲಿಯನ್ನು ನನ್ನ ತಲೆಯ ಮೇಲೆ ತೂಗುಹಾಕಿದರು. ನರ್ಸು ಸೂಜಿಯ ಮೇಲೆ ಎರಡು ಸಲ ಬೆರಳಾಡಿಸಿ, "ಉರಿ ಬಂದ್ರೆ ತಕ್ಷಣ ಹೇಳಿ. ಹೊರಗೆ ಸೋರಿದ್ರೆ ಕೈ ಮೇಲೆ ಕಂದು ಕಲೆ ನಿಂತುಬಿಡುತ್ತೆ" ಎಂದರು. ಅಮ್ಮ ಅಪ್ಪನ ಕಾಲರು ತಿಕ್ಕುತ್ತಿದ್ದದ್ದು ನೆನಪಾಗಿ ಕೈಯನ್ನು ಅಲುಗಿಸದೆ ಇಟ್ಟುಕೊಂಡೆ. ಕಾಲು ಗಂಟೆಯಲ್ಲಿ ಬಾಟಲಿ ಖಾಲಿ, ಮೇಲೆ ಅರ್ಧ ಗಂಟೆ ನಿಗಾ. 1000 ಮಿಲಿಗ್ರಾಂ ಎಂದರೆ 1 ಗ್ರಾಂ. ಇಡೀ ಮನುಷ್ಯನಲ್ಲಿ ಇರುವುದೇ ಒಟ್ಟು 3-4 ಗ್ರಾಂ. ಅಪ್ಪ ಟನ್ನುಗಟ್ಟಲೆ ಲೆಕ್ಕದಲ್ಲಿ ಕರಗಿಸಿದ ವಸ್ತುವಿನ 1 ಗ್ರಾಮಿಗೆ ಬಂದ ಬಿಲ್ಲು ನೋಡಿ, ಚಿನ್ನದಂಗಡಿಯಲ್ಲಿ ಚೌಕಾಸಿ ಮಾಡುವ ನಾನು ಅಲ್ಲಿ ಮರುಮಾತಾಡದೆ ಕಾರ್ಡು ಉಜ್ಜಿದೆ.

ವಾರ ಕಳೆಯುವಷ್ಟರಲ್ಲಿ ಐಸಿನ ಚಪಲ ಮಾಯವಾಯಿತು. ಹಿಮೋಗ್ಲೋಬಿನ್ ಇನ್ನೂ ಮೇಲೇಳುವ ಮೊದಲೇ ಇದು ಹೋಗುವುದುಂಟು ಎಂದು ಡಾಕ್ಟರು ಹೇಳಿದ್ದರು. ಜ್ಯೂಸ್ ಅಂಗಡಿಯ ಹುಡುಗ ನನ್ನನ್ನು ಕಂಡಾಗ ಪುದೀನ ಎಲೆ ಹಿಡಿದುಕೊಂಡೇ ಪೆಚ್ಚಾಗಿ ನಿಂತ. ಅದೇ ವಾರ ಅಡುಗೆಮನೆಯ ಬೋನಿಗೆ ನಿಜವಾದ ಇಲಿಯೊಂದು ಬಿತ್ತು. ಸದ್ದು ನಿಂತದ್ದಕ್ಕೆ ಕಾರಣ ತಮ್ಮ ಬೋನೇ ಎಂದು ಯಜಮಾನರು ಇಂದಿಗೂ ವಾದಿಸುತ್ತಾರೆ.

ಈಗ ಹಿಮೋಗ್ಲೋಬಿನ್ 12ರ ಆಸುಪಾಸಿನಲ್ಲಿದೆ. ಡ್ರಿಪ್ಪಿನ ದಾಸ್ತಾನು ಕರಗಿದಂತೆ ಮತ್ತೆ ಹೋಗಬೇಕಾದೀತು, ರೂಟು ಬದಲಾಗುವುದಿಲ್ಲವಲ್ಲ. ಈ ಆಪರೇಷನ್ ಮಾಡಿಸಿಕೊಂಡವರು ವರ್ಷಕ್ಕೊಮ್ಮೆಯಾದರೂ ರಕ್ತ ಕೊಡುವಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಎದ್ದು ಬರಬೇಡಿ, ಫೆರಿಟಿನ್ನನ್ನೂ ಕೇಳಿ ಬರೆಸಿಕೊಳ್ಳಿ. ಮೈಯ ದಾಸ್ತಾನು ಮೊದಲು ಬರಿದಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಇನ್ನು ನನ್ನನ್ನು ನೋಡಲು ಬರುವವರಲ್ಲಿ ವಿನಂತಿ: ಖರ್ಜೂರ ಸಾಕು, ನಿಂಬೆಹಣ್ಣು ತನ್ನಿ. 10.30ರ ನಂತರ ಬಂದರೆ ನಿಮಗೆ ಮಾತ್ರ ಕಾಫಿ. ಅದನ್ನು ದಯವಿಟ್ಟು ಸದ್ದು ಮಾಡದೆ ಕುಡಿಯಿರಿ.