ಎರಡು ಪೈಪಿನ ಧರ್ಮಸಂಕಟ

ಸೋಮವಾರ ಬೆಳಿಗ್ಗೆ ಗುತ್ತಲಿನ ಅರ್ಕೇಶ್ವರನ ಗುಡಿಗೆ ಬಂದವರಲ್ಲಿ ಹತ್ತು ಹನ್ನೆರಡು ಮಂದಿ ದೇವರಿಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತ ನಿಂತಿದ್ದರು. ನನ್ನ ಮುಖದಲ್ಲಿ ಅಂಥ ತೇಜಸ್ಸೇನೂ ಇಲ್ಲ. ಯೆಜ್ಡಿ 350 ಟ್ವಿನ್ ಎಂಬ ಅಪರೂಪದ ಬೈಕು ನನ್ನನ್ನು ಹೊತ್ತು ಅಲ್ಲಿಯವರೆಗೆ ಬಂದು, ಒಮ್ಮೆ ಕೆಮ್ಮಿ, ಸುಮ್ಮನಾಗಿತ್ತು. ನಾನು ಕಿಕ್ ಹೊಡೆಯುತ್ತಿದ್ದೆ. ಅವರು ಎಣಿಸುತ್ತಿದ್ದರು.

"ಪ್ಲಗ್ ಬಿಚ್ಚಿ ಉಜ್ಜಿ ಸಾ" ಎಂದರೊಬ್ಬರು. ಉಜ್ಜಿದೆ. "ಇನ್ನೊಂದದಲ್ಲ, ಅದ್ನೂ ಉಜ್ಜಿ" ಎಂದರು ಮತ್ತೊಬ್ಬರು. ಎರಡು ಸಿಲಿಂಡರಿನ ಬೈಕಿಗೆ ಎರಡು ಪ್ಲಗ್ಗು ಎಂಬ ಸತ್ಯ ನನಗೆ ಹೊಳೆದದ್ದು ಆಗಲೇ. "ತಳ್ರಲಾ, ಪಾಪ, ವಯಸ್ಸಾದೋರು" ಎಂದು ಹುಡುಗರು ತಳ್ಳಿದರು. ಬೈಕಿಗಿಂತ ಆ "ವಯಸ್ಸಾದೋರು" ಹೆಚ್ಚು ನೋಯಿಸಿತು, ಇರಲಿ.

ಇದಕ್ಕೆಲ್ಲ ಮೂಲ ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರು ಮಾಡಿರುವ 'ಪಯಣ' ಎಂಬ ಹಳೆ ಕಾರುಗಳ ಸಂಗ್ರಹಾಲಯ. ಮೊಮ್ಮಗನಿಗೆ ತೋರಿಸಲು ಹೋದವನು ನಾನೇ ಕೈ ಹಿಂದೆ ಕಟ್ಟಿಕೊಂಡು, ಮದುವೆಮನೆಯ ಅಡುಗೆಕೋಣೆ ಇಣುಕುವ ಹುಡುಗನಂತೆ ಒಂದೊಂದರ ಮುಂದೆಯೂ ನಿಂತೆ. ಮನೆಗೆ ಬಂದಮೇಲೆ ಹಳೇದೊಂದು ನನಗೂ ಬೇಕು ಅನ್ನಿಸಿತು. ಕಾರು ತಂದರೆ ನಿಲ್ಲಿಸಲು ಜಾಗ ಬೇಕು. ನಮ್ಮ ಮನೆಯ ಮುಂದಿನ ಜಾಗವನ್ನು ತುಳಸಿಕಟ್ಟೆ ಮತ್ತು ಪಕ್ಕದ ಮನೆಯ ಹಸು ಸಮವಾಗಿ ಹಂಚಿಕೊಂಡಿವೆ. ಹಾಗಾಗಿ ಬೈಕು. ಬೈಕೆಂದ ಮೇಲೆ ಮಂಡ್ಯದವನಿಗೆ ಯೆಜ್ಡಿ ಬಿಟ್ಟು ಬೇರೆ ಉಂಟೇ?

ಅದು ನಮ್ಮ ನೆರೆಯೂರ ಕೂಸು. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬಾತ ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರ ಅಂಟಿಸಿ 'ಜಾವಾ' ಮಾಡಿದ. ಅರವತ್ತರ ದಶಕದ ಆರಂಭದಲ್ಲಿ ಅದು ಮೈಸೂರಿನ ಯಾದವಗಿರಿಗೆ ಬಂದು ಐಡಿಯಲ್ ಜಾವಾ ಆಯಿತು. ಕಾರ್ಖಾನೆ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಬಿತ್ತು. ನಮ್ಮ ಚಿಕ್ಕಪ್ಪ ಯೆಜ್ಡಿಗೆ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿ, ಹಿಂದೆ ಚಿಕ್ಕಮ್ಮನನ್ನು, ಟ್ಯಾಂಕಿನ ಮೇಲೆ ನನ್ನನ್ನು ಕೂರಿಸಿಕೊಂಡು ಬರುತ್ತಿದ್ದರು. ನೀಲಿ ಹೊಗೆ ನೋಡಿಯೇ ನಮ್ಮಜ್ಜಿ ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿತ್ತು.

ಹುಡುಕಿದಾಗ ಎರಡು ಸಿಕ್ಕವು. ಒಂದು ರೋಡ್‌ಕಿಂಗ್. 250 ಸಿಸಿ, ಊರಿಗೆಲ್ಲ ಗೊತ್ತಿರುವ ಸಾಧಾರಣ ಮುಖ. ಇನ್ನೊಂದು ಈ 350 ಟ್ವಿನ್. ಕಾರ್ಖಾನೆ ಕೆಲವೇ ಕಾಲ, ಕೆಲವೇ ಮಾಡಿ ಕೈಬಿಟ್ಟಿದ್ದು. ಟ್ವಿನ್ನಿಗೆ ಹೇಳಿದ ಬೆಲೆಯಲ್ಲಿ ರೋಡ್‌ಕಿಂಗ್ ಮೂರು ಬರುತ್ತಿದ್ದವು. ನಮ್ಮ ಮನೆಯವಳನ್ನು ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿದೆ. ಅವಳು ಸುತ್ತು ಹಾಕಿ, ಬಗ್ಗಿ, "ಇದಕ್ಕೂ ಎರಡು ಪೈಪು, ಅದಕ್ಕೂ ಎರಡು ಪೈಪು. ಮತ್ತೆ ಯಾತಕ್ಕೆ ಅಷ್ಟು ದುಡ್ಡು?" ಅಂದಳು. ನೀವೇ ಹೇಳಿ, ನಾನೇನು ಹೇಳಲಿ? ರೋಡ್‌ಕಿಂಗಿನಲ್ಲಿ ಒಂದೇ ಸಿಲಿಂಡರು ಎರಡು ಸೈಲೆನ್ಸರಿನಲ್ಲಿ ಹೊಗೆ ಬಿಡುತ್ತದೆ, ಟ್ವಿನ್ನಿನಲ್ಲಿ ಸಿಲಿಂಡರಿಗೊಂದು. ಈ ಸೂಕ್ಷ್ಮವನ್ನು ವಿವರಿಸಿದೆ. "ಅಂದ್ರೆ ಹೊಗೆ ಮಾತ್ರ ಒಂದೇ ಥರ" ಎಂದು ಆಟೊ ಹತ್ತಿದಳು.

ಈ ಹುಚ್ಚು ನನಗೊಬ್ಬನಿಗೇ ಅಲ್ಲವೆಂಬ ಸಮಾಧಾನವಿದೆ. ಫರಿದಾಬಾದಿನಲ್ಲಿ ಎಸ್ಕಾರ್ಟ್ಸ್‌ನವರು ಮಾಡಿದ ರಾಜದೂತ್ 350 ಇತ್ತಲ್ಲ, ಅದರಲ್ಲಿ ಮೊದಲು ಬಂದದ್ದು ಎಚ್‌ಟಿ, 30.5 ಕುದುರೆ ಬಲ. ಮೈಲೇಜಿನ ಗೊಣಗಾಟಕ್ಕೆ ಆಮೇಲೆ 27ಕ್ಕೆ ಇಳಿಸಿ ಎಲ್‌ಟಿ ಮಾಡಿದರು. ಈಗಲೂ ಆ ಬೈಕು ಕಂಡರೆ ಜನ ಹೆಣ್ಣು ನೋಡಲು ಬಂದವರು ಮನೆತನ ವಿಚಾರಿಸುವ ಹಾಗೆ "ಎಚ್‌ಟಿನೋ ಎಲ್‌ಟಿನೋ?" ಎಂದೇ ಶುರುಮಾಡುವುದು. ಮೂರೂವರೆ ಕುದುರೆಗಾಗಿ ಇಷ್ಟು ಮರ್ಯಾದೆ!

ಜರ್ಮನಿಯಲ್ಲಿರುವ ನನ್ನ ಸೋದರಳಿಯ ಇದನ್ನೂ ಮೀರಿದ ಕತೆ ಹೇಳಿದ. 1973ರ ಪೋರ್ಷೆ 911 ಕರೇರಾ ಆರ್‌ಎಸ್ ಎಂಬ ರೇಸಿನ ಕಾರು. ಹಿಂದೆ ಬಾತುಕೋಳಿಯ ಬಾಲದಂಥದೊಂದು ರೆಕ್ಕೆ. ರೇಸಿಗೆ ಬಿಡಬೇಕಾದರೆ 500 ಕಾರು ಮಾಡಿರಬೇಕೆಂದು ನಿಯಮ. ಯಾರು ಕೊಳ್ಳುತ್ತಾರೋ ಎಂದು ಕಂಪನಿಯೊಳಗೇ ಅಳುಕಿತ್ತಂತೆ. ಕೊನೆಗೆ ಮಾಡಿದ್ದು 1,580. ಅದರಲ್ಲಿ 200 ಮಾತ್ರ ಹಗುರ ಮಾದರಿ. ಭಾರ ಇಳಿಸಲು ಹಿಂದಿನ ಸೀಟು ಕಿತ್ತರು, ಕಾರ್ಪೆಟ್ ಕಿತ್ತರು, ಗಡಿಯಾರವನ್ನೂ ಬಿಡಲಿಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಸೀಟು, ಗಡಿಯಾರ ಎಲ್ಲ ಇರುವ ಸಂಸಾರವಂದಿಗರ ಮಾದರಿ. ಈಗ ಹೆಚ್ಚು ಬೆಲೆ ಯಾವುದಕ್ಕೆ ಅಂತೀರಿ? ಏನೂ ಇಲ್ಲದ್ದಕ್ಕೆ! ಮದ್ದೂರು ವಡೆಯಿಂದ ಈರುಳ್ಳಿ ತೆಗೆದು, ರವೆ ತೆಗೆದು, ಬರೀ ಎಣ್ಣೆಕಾಗದವನ್ನು ದುಪ್ಪಟ್ಟು ಬೆಲೆಗೆ ಮಾರಿದಂತಾಯಿತು. ಈ ಲೆಕ್ಕದಲ್ಲಿ ನನ್ನ ಹಳೆ ಸ್ಕೂಟರಿಗೆ ಕನ್ನಡಿಯಿಲ್ಲ, ಹಾರ್ನಿಲ್ಲ, ಸ್ಟೆಪ್ನಿಯಿಲ್ಲ; ಪಾಪ, ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ.

ನಮ್ಮ ಮೆಕ್ಯಾನಿಕ್‌ನನ್ನು ಕೇಳಿದೆ. ಅವನು ಬೀಡಿ ಕಚ್ಚಿಕೊಂಡೇ, "ರೋಡ್‌ಕಿಂಗ್ ತಕಳಿ ಸಾ, ಸಾಮಾನು ಮೈಸೂರಲ್ಲಿ ಸಿಕ್ತವೆ. ಟ್ವಿನ್ ತಕೊಂಡ್ರೆ ಎರಡು ತಕಳಿ" ಅಂದ.

"ಎರಡ್ಯಾಕಪ್ಪ?"

"ಒಂದು ಓಡ್ಸಕ್ಕೆ, ಒಂದು ಬಿಚ್ಚಕ್ಕೆ."

ಇಷ್ಟಾದರೂ, ಸೋಮವಾರ ಒಂದು ಸುತ್ತು ನೋಡಿಬಿಡೋಣ ಎಂದು ಟ್ವಿನ್ ಹತ್ತಿದೆನಲ್ಲ, ಅಲ್ಲಿಗೇ ಬಂದೆ ನೋಡಿ. ತಳ್ಳಿ ತಳ್ಳಿ ಹುಡುಗರಿಗೆ ಬೆವರಿಳಿದ ಹೊತ್ತಿಗೆ ಬೈಕಿನ ಯಜಮಾನರು ನಡೆದುಕೊಂಡೇ ಬಂದರು. ಗುಂಪು ಸರಿಸಿ, ಬಗ್ಗಿ, ಟ್ಯಾಂಕಿನ ಕೆಳಗೆ ಬೆರಳಾಡಿಸಿದರು. "ಪೆಟ್ರೋಲ್ ನಲ್ಲೀನೇ ತಿರುಗಿಸಿಲ್ವಲ್ಲ ಸಾರ್?" ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದಿದ್ದ ಗುಟುಕಿನಲ್ಲೇ ಅದು ಗುಡಿಯವರೆಗೆ ಬಂದಿತ್ತು. ಒಂದೇ ಕಿಕ್ಕಿಗೆ ಎದ್ದು ಗುಡುಗಿತು. ಏನು ಸದ್ದು ಅಂತೀರಿ! ಒಳಗೆ ಮಂಗಳಾರತಿಯ ಗಂಟೆ ಕೂಡ ಅದರ ತಾಳಕ್ಕೆ ಬಿದ್ದಂತಿತ್ತು. ಜನ ನಗುತ್ತಾ ದೇವರ ಕಡೆ ತಿರುಗಿದರು.

ಆ ಸದ್ದಿಗೆ ಇನ್ನೇನು ಹೂಂ ಅನ್ನುವವನಿದ್ದೆ. ಅಷ್ಟರಲ್ಲಿ ಯಜಮಾನರು, ಬೆಂಗಳೂರಿನವರೊಬ್ಬರು ಮುಂಗಡ ಕೊಡಲು ಬರುತ್ತಿದ್ದಾರೆಂದರು. ಅವರು ಓಡಿಸುವುದಿಲ್ಲವಂತೆ, ಹಾಲಿನಲ್ಲಿ ಸೋಫಾದ ಪಕ್ಕ ನಿಲ್ಲಿಸುತ್ತಾರಂತೆ. ಟ್ವಿನ್ನಿನ ಮುಖ ನೋಡಿದೆ. ಕಾನ್ವೆಂಟಿಗೆ ಹೊರಟ ಮಗುವಿನಂತೆ ತಲೆ ಬಾಚಿಸಿಕೊಂಡು ನಿಂತಿತ್ತು.

ರೋಡ್‌ಕಿಂಗ್ ಮನೆಗೆ ಬಂತು. ಸೀಟು ಹರಿದಿದೆ, ಟ್ಯಾಂಕಿಗೆ ಎರಡು ಗುಳಿ. ಪಕ್ಕದ ಮನೆಯ ಹಸು ನೆಕ್ಕಿ ನೋಡಿ ಒಪ್ಪಿಗೆ ಕೊಟ್ಟಿತು. ಭಾನುವಾರ ಮದ್ದೂರಿಗೆ ಹೋಗಿ ವಡೆ ತಿಂದು ಬರೋಣವೆಂದು ಇವಳನ್ನು ಹೊರಡಿಸಿದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲೆ 2023ರ ಆಗಸ್ಟಿನಿಂದ ಬೈಕುಗಳಿಗೆ ಪ್ರವೇಶವಿಲ್ಲ. ರಾಜನೆಂದು ಹೆಸರಿದ್ದರೂ ನಮ್ಮದು ಸರ್ವೀಸ್ ರಸ್ತೆಯೇ. ಇವಳು ಸೆರಗು ಸುತ್ತಿ, ಹೆಲ್ಮೆಟ್ಟು ಬಿಗಿದು, ಹಿಂದೆ ಕೂತು ಭುಜ ತಟ್ಟಿದಳು.

"ನಲ್ಲಿ ತಿರುಗಿಸಿದ್ದೀರಾ?"

"ನನಗೇ ಹೇಳಿಕೊಡ್ತೀಯಾ?" ಎಂದು ಜಬರಿಸಿ, ಷೂ ಲೇಸು ಕಟ್ಟುವವನಂತೆ ಮೆಲ್ಲಗೆ ಬಗ್ಗಿದೆ. ಕಾಲಲ್ಲಿದ್ದದ್ದು ಚಪ್ಪಲಿ.